ಸಾಕು ಹಾವಿನ ಟ್ಯಾಂಕಿಗೆ ಎಂಥ ಹಾಸು ಹಾಕಬೇಕು?

ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಇರುವ ನಮ್ಮವರ ಮನೆಗಳಲ್ಲಿ ಈಗ ನಾಯಿ ಬೆಕ್ಕಿನ ಜೊತೆ ಹಾವೂ ಕಾಣಿಸತೊಡಗಿದೆ. ಮಕ್ಕಳು ಶಾಲೆಯಲ್ಲೋ ಗೆಳೆಯರ ಮನೆಯಲ್ಲೋ ನೋಡಿ ಬಂದಿರುತ್ತಾರೆ. ತಿಂಗಳುಗಟ್ಟಲೆ ಹಟ ಹಿಡಿಯುತ್ತಾರೆ. ಕೊನೆಗೆ ಅಪ್ಪ ಅಮ್ಮ ಒಪ್ಪಿಬಿಡುತ್ತಾರೆ. ಹಾವು ಯಾವುದು, ಟ್ಯಾಂಕ್ ಎಷ್ಟು ದೊಡ್ಡದು, ಲೈಟ್ ಎಂಥದ್ದು ಅಂತ ನಾಲ್ಕು ಕಡೆ ವಿಚಾರಿಸುವವರು, ಟ್ಯಾಂಕಿನ ತಳಕ್ಕೆ ಹರಡುವ ಹಾಸಿನ ವಿಷಯ ಬಂದಾಗ ಮಾತ್ರ ಅಂಗಡಿಯಲ್ಲಿ ಕೈಗೆ ಸಿಕ್ಕ ಚೀಲ ಎತ್ತಿಕೊಂಡು ಬರುತ್ತಾರೆ. ಚೀಲದ ಮೇಲೆ ಹಾವಿನ ಚಿತ್ರ ಇದೆಯಲ್ಲ, ಸಾಕು ಅನ್ನಿಸುತ್ತದೆ.

ಅದು ಸಾಕಾಗುವುದಿಲ್ಲ. ಹಾವಿಗೆ ಬರುವ ಎಷ್ಟೋ ತೊಂದರೆಗಳು, ಅಂದರೆ ಉಸಿರಾಟದ ಸೋಂಕು, ಹೊಟ್ಟೆಯ ಚರ್ಮ ಕೊಳೆಯುವುದು, ಪೊರೆ ಪೂರ್ತಿ ಬಿಡದೆ ಅಲ್ಲಲ್ಲಿ ಅಂಟಿಕೊಳ್ಳುವುದು, ಇವಕ್ಕೆಲ್ಲ ಈ ಹಾಸಿನ ಜೊತೆ ನೇರ ಸಂಬಂಧ ಇದೆ. ಯಾಕೆ ಅಂತ ತಿಳಿಯಲು ಹಾವಿನ ಮೈಯನ್ನೇ ಸ್ವಲ್ಪ ನೋಡಬೇಕು.

ಹಾವಿಗೆ ಕಾಲಿಲ್ಲ. ಗಂಟಲಿನಿಂದ ಬಾಲದ ತುದಿಯವರೆಗೆ ಇಡೀ ಹೊಟ್ಟೆ ಹಗಲು ರಾತ್ರಿ ನೆಲಕ್ಕೆ ತಾಗಿಕೊಂಡೇ ಇರುತ್ತದೆ. ಮೂಗು ನೆಲದಿಂದ ಒಂದೆರಡು ಸೆಂಟಿಮೀಟರ್ ಮೇಲೆ, ಅಷ್ಟೇ. ಹಾಸಿನಿಂದ ಏಳುವ ಧೂಳಾಗಲಿ ವಾಸನೆಯಾಗಲಿ ಮೊದಲು ಸೇರುವುದು ಅದರ ಮೂಗಿಗೆ. ನಾಲಿಗೆ ಚಾಚಿದಾಗಲೆಲ್ಲ ಗಾಳಿಯಲ್ಲಿರುವ ಕಣಗಳನ್ನು ಹಿಡಿದು ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸುತ್ತದೆ. ನಮಗೆ ಗೊತ್ತೇ ಆಗದ ವಾಸನೆಯೂ ಅದಕ್ಕೆ ಸ್ಪಷ್ಟ. ಇನ್ನು ಉಸಿರಾಟ. ಕಾರ್ನ್ ಸ್ನೇಕ್‌ನಂಥ ಹಾವುಗಳಲ್ಲಿ ಕೆಲಸ ಮಾಡುವುದು ಬಲಗಡೆಯ ಒಂದೇ ಶ್ವಾಸಕೋಶ, ಎಡಗಡೆಯದು ಹೆಸರಿಗೆ ಮಾತ್ರ. ಹೆಬ್ಬಾವುಗಳಿಗೆ ಎರಡೂ ಇವೆ, ಆದರೆ ಎಡದ್ದು ಚಿಕ್ಕದು. ಯಾವ ಹಾವಿಗೂ ನಮ್ಮ ಹಾಗೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಇಲ್ಲ. ಒಳಗೆ ಸೇರಿದ ಧೂಳನ್ನು, ಕಫವನ್ನು ನಮ್ಮಂತೆ ಕೆಮ್ಮಿ ಹೊರಹಾಕಲು ಬರುವುದಿಲ್ಲ. ಒಮ್ಮೆ ಸೋಂಕು ಕೂತರೆ ಹೊರಡಿಸುವುದು ಕಷ್ಟ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕಾಡಿನ ಹಾವಿಗೆ ಜಾಗ ಹಿಡಿಸದಿದ್ದರೆ ಎದ್ದು ಹೋಗುತ್ತದೆ. ಟ್ಯಾಂಕಿನ ಹಾವಿಗೆ ಹೋಗಲು ಜಾಗ ಇಲ್ಲ. ನಾವು ಹಾಸಿದ್ದರಲ್ಲೇ ಅದು ವರ್ಷಗಟ್ಟಲೆ ಬದುಕಬೇಕು. ಕಾರ್ನ್ ಸ್ನೇಕ್ ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬಾಳುತ್ತದೆ. ಆಫ್ರಿಕಾದ ಹೆಬ್ಬಾವು ಜಾತಿಯ ಬಾಲ್ ಪೈಥಾನ್ ಇನ್ನೂ ಜಾಸ್ತಿ. 2020ರಲ್ಲಿ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಒಂದು ಬಾಲ್ ಪೈಥಾನ್ ಮೊಟ್ಟೆ ಇಟ್ಟದ್ದು ಸುದ್ದಿಯಾಗಿತ್ತು. ಅಷ್ಟು ದೀರ್ಘ ಬಾಳು ಪೂರ್ತಿ ನಾವು ಹಾಸಿದ್ದರ ಮೇಲೇ ಕಳೆಯುವಂಥದ್ದು.

ಭಾರತದಲ್ಲಿ ಕೂತು ಓದುತ್ತಿರುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಗರಹಾವು, ಕೇರೆಹಾವು, ಹೆಬ್ಬಾವು ಇಂಥವನ್ನು ಹಿಡಿಯುವುದೂ ಮನೆಯಲ್ಲಿಡುವುದೂ ಅಪರಾಧ. ಬಾಲ್ ಪೈಥಾನ್ ಥರದ ವಿದೇಶಿ ಹಾವು ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿ ಬರುವುದರಿಂದ, ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಅದನ್ನು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹೊಲದಲ್ಲಿ ಸಿಕ್ಕ ಹಾವಿಗೆ ಯಾವ ಹಾಸು ಒಳ್ಳೆಯದು ಅಂತ ಇದನ್ನು ಓದಬೇಡಿ. ಅದನ್ನು ಅದರ ಪಾಡಿಗೆ ಬಿಟ್ಟುಬಿಡಿ. ಅಮೆರಿಕದಲ್ಲೂ ರಾಜ್ಯಕ್ಕೊಂದು ಕಾನೂನು. ಹವಾಯಿಯಲ್ಲಿ ಹಾವು ಸಾಕುವಂತೆಯೇ ಇಲ್ಲ. ಜಾರ್ಜಿಯಾದಲ್ಲಿ ಕಾರ್ನ್ ಸ್ನೇಕ್ ಅಲ್ಲಿನ ಕಾಡಿನ ಹಾವು ಅನ್ನೋ ಕಾರಣಕ್ಕೇ ಸಾಕಲು ಬಿಡುವುದಿಲ್ಲ. ಅಟ್ಲಾಂಟಾ ಕಡೆ ಇರುವವರು ಇದನ್ನು ಗಮನಿಸಬೇಕು.

ಮೊದಲು ಹಾವಿನ ತವರು ಯಾವುದು ಅಂತ ಕೇಳಿ

ಯಾವ ಹಾಸು ಒಳ್ಳೆಯದು ಅಂತ ನೇರವಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಹಾವಿಗೆ ಅಂತ ಕೇಳಬೇಕು.

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ರಾಜ್ಯಗಳ ಹಾವು. ಫ್ಲೋರಿಡಾ, ಕೆರೊಲಿನಾ ಕಡೆಯ ಪೈನ್ ಕಾಡು, ಹೊಲದ ಅಂಚು, ಹಳೇ ಕೊಟ್ಟಿಗೆ ಇದರ ಜಾಗ. ಟ್ಯಾಂಕಿನ ಗಾಳಿಯಲ್ಲಿ 40ರಿಂದ 60 ಶೇಕಡಾ ತೇವಾಂಶ ಇದ್ದರೆ ಆರಾಮವಾಗಿರುತ್ತದೆ. ಅಂದರೆ ಹೆಚ್ಚು ಕಡಿಮೆ ನಮ್ಮ ಮನೆಯೊಳಗಿನ ಗಾಳಿಯೇ ಸಾಕು. ಇದಕ್ಕೆ ಒಣ ಹಾಸು ನಡೆಯುತ್ತದೆ.

ಬಾಲ್ ಪೈಥಾನ್ ಕಥೆಯೇ ಬೇರೆ. ಅದು ಘಾನಾ, ಟೋಗೊ, ಬೆನಿನ್ ಸೇರಿದಂತೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲಿನದು. ಹುಲ್ಲುಗಾವಲು ಅಂದಕೂಡಲೇ ಒಣ ಜಾಗ ಅಂತ ಅನೇಕರು ತಿಳಿಯುತ್ತಾರೆ. ಆದರೆ ಈ ಹಾವು ಹಗಲು ಹೊತ್ತಲ್ಲಿ ಬಯಲಲ್ಲಿ ಇರುವುದಿಲ್ಲ. ಇಲಿ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಸೇರಿಕೊಂಡಿರುತ್ತದೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಅನ್ನೋ ನಮ್ಮ ಗಾದೆ ಆಫ್ರಿಕಾದಲ್ಲೂ ನಿಜ. ಹೊರಗೆ ಎಷ್ಟೇ ಬಿಸಿಲಿರಲಿ, ಹುತ್ತದೊಳಗೆ ತಂಪು, ತೇವ. ಆದ್ದರಿಂದ ಬಾಲ್ ಪೈಥಾನ್‌ಗೆ ಸುಮಾರು 60 ಶೇಕಡಾ ತೇವಾಂಶ ಬೇಕು, ಪೊರೆ ಬಿಡುವ ದಿನಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಒಣ ಮರದ ಸಿಪ್ಪೆ ಹಾಸಿ, ಮೇಲೆ ಜಾಲರಿ ಮುಚ್ಚಳ ಇಟ್ಟು, ಅದರ ಮೇಲೆ ಬಿಸಿ ಬಲ್ಬ್ ಹಾಕಿದರೆ ಗಾಳಿ 30 ಶೇಕಡಾಕ್ಕೆ ಇಳಿಯಲು ಹೊತ್ತು ಬೇಕಿಲ್ಲ. ಚಳಿಗಾಲದಲ್ಲಿ ಮನೆಗೆ ಹೀಟರ್ ಹಾಕಿದಾಗಂತೂ ಇನ್ನೂ ಕೆಳಗೆ.

ಹಾಗಾಗಿ ಚೀಲ ಕೊಳ್ಳುವ ಮೊದಲು ಕೊಳ್ಳಬೇಕಾದದ್ದು ಗಾಳಿಯ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್. ಡಿಜಿಟಲ್ ಇರಲಿ. ಟ್ಯಾಂಕಿನ ಗೋಡೆಗೆ ಅಂಟಿಸುವ ದುಂಡನೆಯ ಮುಳ್ಳಿನ ಮೀಟರ್ ನಂಬುವಂಥದ್ದಲ್ಲ. ಮೀಟರ್ ಇಲ್ಲದೆ ತೇವಾಂಶದ ಬಗ್ಗೆ ಮಾತಾಡುವುದು ಸುಮ್ನೆ ಊಹೆ.

ನಮಗೆ ಘಮ ಅನ್ನಿಸಿದ್ದು ಹಾವಿಗೆ ಕಷ್ಟ

ಎಲ್ಲ ಹಾವಿಗೂ ಒಂದೇ ರೀತಿ ಅನ್ವಯಿಸುವ ನಿಯಮ ಒಂದಿದೆ. ಸೀಡರ್ ಮರದ ಸಿಪ್ಪೆ ಬೇಡವೇ ಬೇಡ.

ಸೀಡರ್ ಚೀಲ ಬಿಚ್ಚಿದರೆ ಒಳ್ಳೆಯ ಪರಿಮಳ. ಅಮೆರಿಕದ ಹಳೆಯ ಮನೆಗಳಲ್ಲಿ ಉಣ್ಣೆ ಬಟ್ಟೆ ಇಡಲು ಸೀಡರ್ ಪೆಟ್ಟಿಗೆ ಇರುತ್ತಿತ್ತು. ಬಟ್ಟೆಗೆ ನುಸಿ ಬಾರದಿರಲಿ ಅಂತ. ಅಂದರೆ ಆ ಪರಿಮಳದಲ್ಲಿ ಹುಳ ಓಡಿಸುವ ಶಕ್ತಿ ಇದೆ. ಮರ ತನ್ನನ್ನು ಹುಳ, ಶಿಲೀಂಧ್ರಗಳಿಂದ ಕಾಪಾಡಿಕೊಳ್ಳಲು ತಯಾರಿಸುವ ಎಣ್ಣೆ ಅದು. ಪಶ್ಚಿಮ ಅಮೆರಿಕದ ಕೆಂಪು ಸೀಡರ್‌ನಲ್ಲಿ ಪ್ಲಿಕ್ಯಾಟಿಕ್ ಆಸಿಡ್ ಅನ್ನೋ ವಸ್ತು ಇದೆ. ಆ ಮರ ಕೊಯ್ಯುವ ಮಿಲ್‌ಗಳ ಕೆಲಸಗಾರರಿಗೆ ಅದರಿಂದಲೇ ಆಸ್ತಮಾ ಬರುತ್ತದೆ ಅನ್ನುವುದು ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಾಗಿದೆ. ಗಾಳಿಯಾಡುವ ದೊಡ್ಡ ಮಿಲ್‌ನಲ್ಲಿ ದುಡಿಯುವ ಮನುಷ್ಯನಿಗೇ ಹೀಗಾದರೆ, ಅದರ ಮೇಲೇ ಮೂಗಿಟ್ಟು ಮಲಗುವ ಪ್ರಾಣಿಯ ಗತಿ ಏನು?

1967ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ವರದಿ ಬಂತು. ಪ್ರಯೋಗಾಲಯದ ಇಲಿಗಳನ್ನು ಸೀಡರ್, ಪೈನ್ ಸಿಪ್ಪೆಗಳ ಮೇಲೆ ಇಟ್ಟಾಗ ಅವುಗಳ ಲಿವರ್‌ನಲ್ಲಿ ಔಷಧ ಕರಗಿಸುವ ಕಿಣ್ವಗಳು ಏರಿದ್ದವು. ನಿದ್ದೆಯ ಔಷಧ ಕೊಟ್ಟರೆ ಬೇಗ ಎಚ್ಚರಾಗುತ್ತಿದ್ದವು. ಬೀಚ್, ಬರ್ಚ್, ಮೇಪಲ್‌ನಂಥ ಗಟ್ಟಿ ಮರದ ಹಾಸಿನ ಮೇಲೆ ಹಾಗಾಗಲಿಲ್ಲ. ಇಲಿಗಳು ನೋಡಲು ಚೆನ್ನಾಗೇ ಇದ್ದವು, ಕಾಯಿಲೆಯ ಲಕ್ಷಣ ಮೇಲೆ ಕಾಣುತ್ತಿರಲಿಲ್ಲ. ಒಳಗೆ ಲಿವರ್ ಮಾತ್ರ ಆ ಆವಿಯ ಜೊತೆ ದಿನವಿಡೀ ಗುದ್ದಾಡುತ್ತಿತ್ತು. ಇದು ಇಲಿಗಳ ಮೇಲಿನ ಅಧ್ಯಯನ ನಿಜ. ಆದರೆ ಸರೀಸೃಪ ನೋಡುವ ಪಶುವೈದ್ಯರೂ ಹಳೆಯ ಸಾಕಣೆದಾರರೂ ಒಂದೇ ಧ್ವನಿಯಲ್ಲಿ ಬೇಡ ಅನ್ನುವ ಹಾಸು ಸೀಡರ್. ನಾನಂತೂ ಇದರಲ್ಲಿ ಎರಡನೇ ಮಾತಿಗೆ ಜಾಗ ಇಲ್ಲ ಅನ್ನುತ್ತೇನೆ.

ಪೈನ್ ಬಗ್ಗೆ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ಕಾರ್ನ್ ಸ್ನೇಕ್ ಇರುವುದೇ ಪೈನ್ ಕಾಡಿನಲ್ಲಿ ಅಲ್ವಾ, ಮತ್ತೆ ಪೈನ್ ಸಿಪ್ಪೆ ಯಾಕೆ ಬೇಡ? ಕಾಡಿನಲ್ಲಿ ಪೈನ್ ಮರಕ್ಕೆ ತೊಗಟೆ ಇದೆ. ಎಣ್ಣೆ ಮರದೊಳಗೆ ಇರುತ್ತದೆ. ಗಾಳಿ ಬೀಸುತ್ತಿರುತ್ತದೆ. ಟ್ಯಾಂಕಿನಲ್ಲಿ ಆಗುವುದು ಬೇರೆ. ಮರವನ್ನು ತೆಳ್ಳಗೆ ಹೆರೆದು ಸಾವಿರಾರು ಸುರುಳಿ ಮಾಡಿದಾಗ ಗಾಳಿಗೆ ತೆರೆದ ಮೈ ನೂರಾರು ಪಟ್ಟು ಹೆಚ್ಚುತ್ತದೆ. ಮೇಲಿಂದ ಬಲ್ಬಿನ ಬಿಸಿ ಬೀಳುತ್ತದೆ. ಪೈನೀನ್‌ನಂಥ ಎಣ್ಣೆಗಳು ಆವಿಯಾಗಿ ಗಾಜಿನ ಪೆಟ್ಟಿಗೆಯೊಳಗೇ ತುಂಬಿಕೊಳ್ಳುತ್ತವೆ. ಕುಲುಮೆಯಲ್ಲಿ ಒಣಗಿಸಿದ ಪೈನ್‌ನಲ್ಲಿ ಈ ಎಣ್ಣೆ ಬಹಳಷ್ಟು ಹೋಗಿರುತ್ತದೆ, ಅದನ್ನು ಬಳಸುವವರೂ ಇದ್ದಾರೆ. ಆದರೆ ಪಕ್ಕದಲ್ಲೇ ವಾಸನೆ ಇಲ್ಲದ ಆಸ್ಪೆನ್ ಸಿಗುವಾಗ ಪೈನ್‌ಗೆ ಯಾಕೆ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೂಗು ಒಳ್ಳೆಯ ಸಾಧನ. ಚೀಲ ಬಿಚ್ಚಿ ಮೂಸಿ. ಘಾಟು, ಪರಿಮಳ, ಬಣ್ಣದ ವಾಸನೆ, ಮುಗ್ಗಲು ವಾಸನೆ ಏನೇ ಬಂದರೂ ವಾಪಸ್ ಇಡಿ. ಇದೇ ಕಾರಣಕ್ಕೆ ತೋಟಕ್ಕೆ ಹಾಕುವ ಬಣ್ಣ ಬಳಿದ ಮರದ ಚಕ್ಕೆ ಬೇಡ. ಚೀಲದ ಮೇಲೆ ಎರಡು ಮೂರು ಮರದ ಮಿಶ್ರಣ ಅಂತ ಬರೆದಿದ್ದರೆ ಅದೂ ಬೇಡ. ನಮ್ಮ ಮನೆಗಳಿಗೆ ಸೇರಿದ ಇನ್ನೊಂದು ಮಾತು: ಟ್ಯಾಂಕನ್ನು ದೇವರ ಮನೆಯ ಹತ್ತಿರ ಇಡಬೇಡಿ. ಊದುಬತ್ತಿ, ಸಾಂಬ್ರಾಣಿ ಹೊಗೆ ದಿನಾ ಆ ಜಾಲರಿಯಿಂದ ಒಳಗೆ ಇಳಿಯುತ್ತದೆ. ಬಟ್ಟೆ ಬೀರುವಿನ ನುಸಿಗುಳಿಗೆಯನ್ನೂ ಆ ಕೋಣೆಯಿಂದ ತೆಗೆದುಬಿಡಿ.

ಆಸ್ಪೆನ್

ಒಣ ಹಾಸು ಸಾಕು ಅನ್ನುವ ಹಾವುಗಳಿಗೆ ಆಸ್ಪೆನ್ ಸಿಪ್ಪೆ ಸುಲಭದ ಆಯ್ಕೆ. ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್, ಮೂಗು ಮೇಲಕ್ಕೆ ತಿರುಗಿದ ಹಾಗ್‌ನೋಸ್ ಇವೆಲ್ಲಕ್ಕೂ ಒಗ್ಗುತ್ತದೆ. ಆಸ್ಪೆನ್ ಬಿಳಿ ಬಣ್ಣದ, ವಾಸನೆ ಇಲ್ಲದ ಗಟ್ಟಿ ಮರದ ಜಾತಿ. ಸೀಡರ್, ಪೈನ್‌ನಲ್ಲಿರುವ ಎಣ್ಣೆಗಳು ಇದರಲ್ಲಿಲ್ಲ.

ಇದರಲ್ಲಿ ನನಗೆ ತುಂಬ ಇಷ್ಟವಾಗುವುದು ಬಿಲ ನಿಲ್ಲುವ ಗುಣ. ಒಂದು ಚೋಟು ಆಳಕ್ಕೆ ಹಾಕಿ ಕೈಯಿಂದ ಸ್ವಲ್ಪ ಒತ್ತಿ ಬಿಡಿ. ಕಾರ್ನ್ ಸ್ನೇಕ್ ಮೊದಲು ಮೂಲೆಯಲ್ಲಿ ಮೂತಿ ಇಟ್ಟು ನೋಡುತ್ತದೆ. ನಾಲಿಗೆ ನಾಲ್ಕೈದು ಬಾರಿ ಒಳಗೆ ಹೊರಗೆ ಆಡುತ್ತದೆ. ಆಮೇಲೆ ತಲೆ ತೂರಿಸಿ ಮೈಯನ್ನು ಅತ್ತಿತ್ತ ಒತ್ತುತ್ತಾ ಮುಂದೆ ಹೋಗುತ್ತದೆ. ಸುರುಳಿ ಸಿಪ್ಪೆಗಳು ಒಂದಕ್ಕೊಂದು ಹೆಣೆದುಕೊಂಡು ಅದರ ಹಿಂದೆ ಕೊಳವೆ ಹಾಗೇ ನಿಲ್ಲುತ್ತದೆ. ಎರಡು ದಿನ ಬಿಟ್ಟು ಗಾಜಿನ ಪಕ್ಕದಿಂದ ನೋಡಿದರೆ ಟ್ಯಾಂಕಿನ ತಳದಲ್ಲಿ ನಾಲ್ಕು ದಾರಿ ಇರುತ್ತದೆ, ಒಂದರ ಕೊನೆಯಲ್ಲಿ ತಲೆ ಮಾತ್ರ ಹೊರಗಿಟ್ಟು ಹಾವು ನಮ್ಮನ್ನು ನೋಡುತ್ತಿರುತ್ತದೆ. ಅಡಗಿಕೊಳ್ಳಲು ಜಾಗ ಇದ್ದ ಹಾವು ಹೆದರುವುದಿಲ್ಲ. ಹೆದರದ ಹಾವು ಸರಿಯಾಗಿ ಊಟ ಮಾಡುತ್ತದೆ. ಒಂದೆರಡು ಸೆಂಟಿಮೀಟರ್ ಹರಡಿದರೆ ಇದು ಆಗುವುದಿಲ್ಲ. ಕನಿಷ್ಠ 7ರಿಂದ 10 ಸೆಂಟಿಮೀಟರ್ ಬೇಕು.

ಆಸ್ಪೆನ್‌ನ ಶತ್ರು ನೀರು. ಹಾವು ನೀರಿನ ಬಟ್ಟಲಿಗೆ ಇಳಿದು ಚೆಲ್ಲಿದರೆ ಅಡಿಯ ಸಿಪ್ಪೆ ಒದ್ದೆಯಾಗಿ ಎರಡು ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಟ್ಟಲು ಎತ್ತಿ ನೋಡುವುದು ದಿನದ ಅಭ್ಯಾಸ ಆಗಬೇಕು. ಇದೇ ಕಾರಣಕ್ಕೆ ಬಾಲ್ ಪೈಥಾನ್‌ಗೆ ಆಸ್ಪೆನ್ ಹೊಂದುವುದಿಲ್ಲ. ತೇವ ಬೇಕು ಅಂತ ನೀರು ಚಿಮುಕಿಸಿದರೆ ಬೂಷ್ಟು, ಚಿಮುಕಿಸದಿದ್ದರೆ ಒಣಗಿದ ಪೊರೆ.

ಒಣ ನೆಲ, ತೇವದ ಗಾಳಿ

ತೇವ ಬೇಕಾದ ಹಾವಿಗೆ ಹಾಸು ಆಯುವಾಗ ಜನ ಎಡವುವುದು ಇಲ್ಲೇ. ತೇವಾಂಶ ಕಡಿಮೆಯಾದರೆ ಪೊರೆ ಸರಿಯಾಗಿ ಬಿಡುವುದಿಲ್ಲ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೂ ಪಾರದರ್ಶಕ ಪೊರೆ ಇದೆ, ಅದೂ ಪ್ರತಿ ಸಲ ಕಳಚಬೇಕು. ಒಣ ಗಾಳಿಯಲ್ಲಿ ಆ ಪೊರೆ ಅಲ್ಲೇ ಉಳಿದು ಪದರದ ಮೇಲೆ ಪದರ ಕೂಡುತ್ತದೆ. ಬಾಲದ ತುದಿಯಲ್ಲಿ ಉಂಗುರದ ಹಾಗೆ ಉಳಿದರೆ ರಕ್ತ ಓಡಾಟ ನಿಂತು ತುದಿಯೇ ಸಾಯಬಹುದು. ಇದನ್ನು ಕೇಳಿ ಗಾಬರಿಯಾದವರು ದಿನಕ್ಕೆ ಮೂರು ಸಲ ಟ್ಯಾಂಕಿನೊಳಗೆ ನೀರು ಸಿಂಪಡಿಸುತ್ತಾರೆ. ಈಗ ಇನ್ನೊಂದು ತೊಂದರೆ. ಹಾವು ಯಾವಾಗಲೂ ಒದ್ದೆ ನೆಲದ ಮೇಲೆ ಮಲಗಿದರೆ ಹೊಟ್ಟೆಯ ಹುರುಪೆ ಕೆಂಪಾಗಿ, ಗುಳ್ಳೆ ಎದ್ದು, ಕೊಳೆಯತೊಡಗುತ್ತದೆ. ಇದನ್ನೇ ಸ್ಕೇಲ್ ರಾಟ್ ಅನ್ನುವುದು. ಶುರುವಿನಲ್ಲೇ ಪಶುವೈದ್ಯರಿಗೆ ತೋರಿಸದಿದ್ದರೆ ಸೋಂಕು ರಕ್ತಕ್ಕೆ ಸೇರಬಹುದು.

ಗಾಳಿ ತೇವವಾಗಿರಬೇಕು, ನೆಲ ಒಣಗಿರಬೇಕು. ಎರಡೂ ಒಟ್ಟಿಗೆ ಹೇಗೆ? ಹಾಸನ್ನು ಆಳವಾಗಿ ಹಾಕಿ, ನೀರನ್ನು ತಳಕ್ಕೆ ಕೊಡಿ. ಟ್ಯಾಂಕಿನ ನಾಲ್ಕು ಮೂಲೆಯಲ್ಲಿ ಚೊಂಬಿನಿಂದ ಮೆಲ್ಲಗೆ ನೀರು ಸುರಿಯಿರಿ. ಅದು ಗಾಜಿನ ಪಕ್ಕದಿಂದ ಇಳಿದು ಕೆಳಗಿನ ಪದರಕ್ಕೆ ಹರಡುತ್ತದೆ. ಮಳೆ ನಿಂತ ಎರಡನೇ ದಿನ ಹೊಲದ ಮಣ್ಣು ಹೇಗಿರುತ್ತದೆ? ಮೇಲೆ ಒಣಗಿದ ಹಾಗೆ ಕಾಣುತ್ತದೆ, ಬೆರಳು ಒತ್ತಿದರೆ ಹಸಿ. ಟ್ಯಾಂಕಿನ ತಳವೂ ಹಾಗೇ ಇರಬೇಕು. ಕೆಳಗಿನ ಹಸಿ ನಿಧಾನವಾಗಿ ಆವಿಯಾಗಿ ಗಾಳಿಗೆ ಸೇರುತ್ತಿರುತ್ತದೆ. ಹಾವಿನ ಹೊಟ್ಟೆ ತಾಗುವುದು ಒಣ ಪದರಕ್ಕೆ. ಜಾಲರಿ ಮುಚ್ಚಳದ ಅರ್ಧದಷ್ಟನ್ನು ಫಾಯಿಲ್‌ನಿಂದ ಮುಚ್ಚಿದರೆ ತೇವ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಬಲ್ಬ್ ಇರುವ ಕಡೆ ಮಾತ್ರ ಮುಚ್ಚಬೇಡಿ.

ಈ ಕೆಲಸಕ್ಕೆ ತೆಂಗಿನ ನಾರಿನ ಹಾಸಿನಷ್ಟು ಒಳ್ಳೆಯದು ಕಡಿಮೆ. ಬೆಂಗಳೂರಿನ ತಾರಸಿ ತೋಟದವರಿಗೆ ಕೋಕೋಪೀಟ್ ಇಟ್ಟಿಗೆ ಹೊಸದಲ್ಲ. ಅದೇ ವಸ್ತು. ಅಮೆರಿಕದ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ತೆಂಗಿನ ಹಾಸು ಹೋಗುವುದು ಮುಖ್ಯವಾಗಿ ಶ್ರೀಲಂಕಾ ಮತ್ತು ಭಾರತದಿಂದ. ತಿಪಟೂರು, ಅರಸೀಕೆರೆ ಕಡೆ ಕಾಯಿ ಸುಲಿದು ರಾಶಿ ಹಾಕುವ ಸಿಪ್ಪೆಯ ಬಂಧು ಸಮುದ್ರ ದಾಟಿ ಆಫ್ರಿಕಾದ ಹಾವಿಗೆ ಹಾಸಾಗುತ್ತದೆ ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ. ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಕೊಳೆಯುವುದಿಲ್ಲ, ವಾಸನೆ ಇಲ್ಲ.

ಎರಡು ರೂಪದಲ್ಲಿ ಸಿಗುತ್ತದೆ, ನುಣ್ಣನೆಯ ಪುಡಿ ಮತ್ತು ಹೆಬ್ಬೆರಳ ಉಗುರಿನಷ್ಟು ಚೌಕದ ಚಕ್ಕೆ. ಪುಡಿ ಒದ್ದೆಯಾಗಿದ್ದಾಗ ಚೆನ್ನ, ಪೂರ್ತಿ ಒಣಗಿದರೆ ಧೂಳು. ಬಾಲ್ ಪೈಥಾನ್‌ನ ಮೇಲ್ದುಟಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಗುಳಿಗಳಿರುತ್ತವೆ, ಇಲಿಯ ಮೈಬಿಸಿ ಗುರುತಿಸಲು. ಧೂಳು ಹೋಗಿ ಕೂರುವುದು ಅಲ್ಲಿ, ಮೂಗಿನ ಹೊಳ್ಳೆಯಲ್ಲಿ. ಚಕ್ಕೆಯಲ್ಲಿ ಧೂಳು ಕಡಿಮೆ, ಗಾಳಿಯಾಡುತ್ತದೆ. ನಾನು ಸಲಹೆ ಕೊಡುವುದು ಚಕ್ಕೆ ಮುಕ್ಕಾಲು, ಪುಡಿ ಕಾಲು.

ಇಟ್ಟಿಗೆಯನ್ನು ಬಕೆಟ್ಟಿನಲ್ಲಿ ಬಿಸಿನೀರು ಹಾಕಿ ಅರಳಿಸಿ. ಆಮೇಲೆ ಒಂದು ಹಿಡಿ ತೆಗೆದು ಮುಷ್ಟಿ ಬಿಗಿ ಹಿಡಿಯಿರಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಜಾಸ್ತಿಯಾಯಿತು, ಬಟ್ಟೆಯಲ್ಲಿ ಹಿಂಡಿ ಹರಡಿ ಆರಲು ಬಿಡಿ. ಮುಷ್ಟಿ ಬಿಚ್ಚಿದಾಗ ಉಂಡೆಯಾಗಿ ನಿಂತು, ಬೆರಳು ತಾಗಿಸಿದೊಡನೆ ಉದುರಿದರೆ ಸರಿಯಾದ ಹದ. ಮುಷ್ಟಿಯಲ್ಲೇ ಪುಡಿಪುಡಿಯಾದರೆ ಇನ್ನೂ ನೀರು ಬೇಕು. ತೋಟದ ಅಂಗಡಿಯಿಂದ ತರುವುದಾದರೆ ಗೊಬ್ಬರ ಬೆರೆಸದ್ದು, ಉಪ್ಪು ಹೋಗುವಂತೆ ತೊಳೆದದ್ದು ಅಂತ ಚೀಲದ ಮೇಲೆ ಖಚಿತ ಮಾಡಿಕೊಳ್ಳಿ. ತೆಂಗಿನ ಸಿಪ್ಪೆಯನ್ನು ಕೆಲವು ಕಡೆ ಉಪ್ಪುನೀರಲ್ಲಿ ನೆನೆಹಾಕುವುದರಿಂದ ಉಪ್ಪು ಉಳಿದಿರುತ್ತದೆ.

ಎಷ್ಟು ಬೇಕು ಅನ್ನುವುದಕ್ಕೆ ಒಂದು ಲೆಕ್ಕ. ದೊಡ್ಡ ಬಾಲ್ ಪೈಥಾನ್‌ಗೆ ಈಗ ಸಾಮಾನ್ಯವಾಗಿ ಹೇಳುವ ಟ್ಯಾಂಕ್ 4 ಅಡಿ ಉದ್ದ, 2 ಅಡಿ ಅಗಲ. ಅದರಲ್ಲಿ 4 ಇಂಚು ಆಳ ತುಂಬಲು ಸುಮಾರು 75 ಲೀಟರ್ ಹಾಸು ಬೇಕು. 5 ಕೆ.ಜಿ.ಯ ಒಂದು ದೊಡ್ಡ ಒತ್ತಿದ ಇಟ್ಟಿಗೆ ಅರಳಿದರೆ ಹೆಚ್ಚು ಕಡಿಮೆ ಅಷ್ಟಾಗುತ್ತದೆ. ಚಿಕ್ಕ ಚಿಕ್ಕ ಚೀಲ ಕೊಳ್ಳುವುದಕ್ಕಿಂತ ಅದೇ ಅಗ್ಗ.

ಸೈಪ್ರೆಸ್ ಮರದ ಚಕ್ಕೆಯೂ ತೇವ ಹಿಡಿಯುತ್ತದೆ, ಬೂಷ್ಟು ಬೇಗ ಬರುವುದಿಲ್ಲ. ಶುದ್ಧ ಸೈಪ್ರೆಸ್ ಅಂತ ಖಾತ್ರಿ ಇದ್ದರೆ ಧಾರಾಳವಾಗಿ ಬಳಸಬಹುದು. ಬ್ರೆಜಿಲಿನ ರೇನ್‌ಬೋ ಬೋವಾದಂಥ, 80 ಶೇಕಡಾ ತೇವ ಕೇಳುವ ಹಾವಿಗೆ ತೆಂಗಿನ ನಾರು, ಸೈಪ್ರೆಸ್ ಎರಡನ್ನೂ ಬೆರೆಸುತ್ತಾರೆ. ಯಾವುದೇ ಹಾವಿಗಾದರೂ ಪೊರೆ ಬಿಡುವ ಮುನ್ನ, ಕಣ್ಣು ಹಾಲು ಬೆರೆಸಿದ ನೀಲಿಯಾದಾಗ, ಒಂದು ಡಬ್ಬಿಗೆ ತೂತು ಮಾಡಿ ಒಳಗೆ ಒದ್ದೆ ಸ್ಫ್ಯಾಗ್ನಮ್ ಪಾಚಿ ಹಾಕಿ ಇಡಿ. ಬೇಕಾದಾಗ ತಾನೇ ಹೋಗಿ ಕೂರುತ್ತದೆ. ಪೊರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಬಂದರೆ, ಕಣ್ಣಿನ ಎರಡು ದುಂಡನೆಯ ಮುಚ್ಚಳವೂ ಅದರಲ್ಲಿದ್ದರೆ, ತೇವ ಸರಿಯಿದೆ ಅಂತ ಅರ್ಥ.

ಬಿಸಿಯ ವಿಷಯವನ್ನು ಹಾಸಿನಿಂದ ಬೇರೆ ಮಾಡಿ ನೋಡುವಂತಿಲ್ಲ. ಟ್ಯಾಂಕಿನ ಅಡಿಗೆ ಹೀಟ್ ಮ್ಯಾಟ್ ಅಂಟಿಸಿ, ಮೇಲೆ 10 ಸೆಂಟಿಮೀಟರ್ ಹಾಸು ಹಾಕಿದರೆ ಬಿಸಿ ಮೇಲಕ್ಕೆ ಬರುವುದಿಲ್ಲ, ಗಾಜಿನ ಹತ್ತಿರವೇ ಸಿಕ್ಕಿಕೊಳ್ಳುತ್ತದೆ. ಮೇಲೆ ತಣ್ಣಗಿದೆ ಅಂತ ನಾವು ಬಿಸಿ ಏರಿಸುತ್ತೇವೆ. ಹಾವು ಕೆಳಕ್ಕೆ ತೂರಿಕೊಂಡು ಆ ಗಾಜಿಗೆ ಹೊಟ್ಟೆ ತಾಗಿಸಿ ಮಲಗುತ್ತದೆ, ಸುಟ್ಟುಕೊಳ್ಳುತ್ತದೆ. ಬಿಸಿ ತಾಗಿದ ಕೂಡಲೇ ನಾವು ಕೈ ಎಳೆದುಕೊಳ್ಳುವಂತೆ ಹಾವು ಸರಿಯುವುದಿಲ್ಲ. ಆಳವಾದ ಹಾಸು ಹಾಕುವುದಾದರೆ ಬಿಸಿ ಮೇಲಿನಿಂದ ಬರಲಿ. ಮ್ಯಾಟ್ ಇದ್ದರೆ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಕಡ್ಡಾಯ, ಅದರ ತಂತಿಯ ತುದಿ ಗಾಜಿನ ಮಟ್ಟದಲ್ಲೇ ಇರಬೇಕು.

ಹೊಟ್ಟೆಗೆ ಹೋಗುವ ಹಾಸು

ಹಾವು ಬೇಟೆಯನ್ನು ಇಡಿಯಾಗಿ ನುಂಗುತ್ತದೆ. ಸಾಕಿದ ಹಾವಿಗೆ ಕೊಡುವುದು ಫ್ರೀಜರ್‌ನಿಂದ ತೆಗೆದು ಬಿಸಿನೀರಲ್ಲಿ ಕರಗಿಸಿದ ಇಲಿ. ಒದ್ದೆ ತುಪ್ಪಳಕ್ಕೆ ಹಾಸು ಮೆತ್ತಿಕೊಂಡು ಒಳಗೆ ಹೋಗುತ್ತದೆ. ಆರೋಗ್ಯವಾಗಿರುವ, ಸರಿಯಾದ ಬಿಸಿ ಸಿಗುವ, ನೀರು ಕುಡಿಯುವ ಹಾವಿಗೆ ಒಂದೆರಡು ಚೂರು ಹೋದರೆ ಏನೂ ಆಗುವುದಿಲ್ಲ, ಮಲದಲ್ಲಿ ಬಂದುಬಿಡುತ್ತದೆ. ಈ ವಿಷಯದಲ್ಲಿ ಹೆದರಿಸುವವರು ಸ್ವಲ್ಪ ಜಾಸ್ತಿಯೇ ಹೆದರಿಸುತ್ತಾರೆ. ಆದರೆ ಕೆಲವು ಹಾಸು ನಿಜಕ್ಕೂ ಅಪಾಯ. ಮುಸುಕಿನ ಜೋಳದ ದಿಂಡಿನ ಚೂರು ಹೊಟ್ಟೆಯಲ್ಲಿ ನೀರು ಹೀರಿ ಉಬ್ಬುತ್ತದೆ. ಅಕ್ರೋಟಿನ ಚಿಪ್ಪಿನ ಪುಡಿಗೆ ಚೂಪು ಅಂಚು. ಜೀರ್ಣವಾಗುತ್ತದೆ ಅಂತ ಹೇಳಿ ಮಾರುವ ಕ್ಯಾಲ್ಸಿಯಂ ಮರಳು ಗಂಟುಕಟ್ಟಿ ಕರುಳಲ್ಲಿ ಕೂರಬಲ್ಲದು. ಬೆಕ್ಕಿನ ಮರಳಂತೂ ಗಂಟುಕಟ್ಟುವುದಕ್ಕೇ ತಯಾರಾದದ್ದು. ಇವು ಯಾವುವೂ ಬೇಡ.

ಆಸ್ಪೆನ್‌ನ ಚೂಪು ಸೀಳು ಬಾಯೊಳಗೆ ಸಿಕ್ಕಿಕೊಳ್ಳುವುದೂ ಉಂಟು. ನುಂಗಿದ ಮೇಲೆ ಹಾವು ಒಂದೆರಡು ಸಲ ಬಾಯಿ ಅಗಲಿಸಿ ದವಡೆ ಸರಿಮಾಡಿಕೊಳ್ಳುತ್ತದೆ, ಅದು ಮಾಮೂಲು. ಮರುದಿನವೂ ಬಾಯಿ ತೆರೆಯುತ್ತಾ, ಮೂತಿಯನ್ನು ಗಾಜಿಗೆ ಉಜ್ಜುತ್ತಾ ಇದ್ದರೆ ಏನೋ ಚುಚ್ಚಿದೆ ಅಂತ ಅನುಮಾನಿಸಿ. ಪರಿಹಾರ ಬಹಳ ಸುಲಭ. ಇಲಿಯನ್ನು ಪೇಪರ್ ಟವೆಲ್‌ನಿಂದ ಒತ್ತಿ ಒರೆಸಿ, ಇಕ್ಕಳದಲ್ಲಿ ಹಿಡಿದು ಕೊಡಿ. ಅಡಿಗೆ ಒಂದು ಅಗಲವಾದ ತಟ್ಟೆಯೋ ಚಪ್ಪಟೆ ಕಲ್ಲೋ ಇರುವ ಜಾಗದಲ್ಲಿ ಕೊಟ್ಟರೆ ಮುಗಿಯಿತು.

ನಾಗರಪಂಚಮಿ ದಿನ ಮಕ್ಕಳು ಟ್ಯಾಂಕಿಗೂ ಹಾಲೆರೆಯುತ್ತೇವೆ ಅಂತ ಆಸೆಪಡುತ್ತಾರೆ. ಬೇಡ ಅಂತ ಪ್ರೀತಿಯಿಂದ ತಿಳಿಸಿ. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ. ಹಾಸಿಗೆ ಬಿದ್ದ ಹಾಲು ಹುಳಿತು ಕೊಳೆಯುತ್ತದೆ. ಅರಿಶಿನ ಕುಂಕುಮದ ಪುಡಿ ಮೂಗಿಗೆ ಸೇರುತ್ತದೆ. ಅವತ್ತು ನೀರಿನ ಬಟ್ಟಲು ತೊಳೆದು ತಾಜಾ ನೀರು ತುಂಬುವ ಕೆಲಸ ಮಕ್ಕಳಿಗೇ ಕೊಡಿ.

ಹೊಸ ಹಾವಿಗೆ ಬರೀ ಕಾಗದ

ಇಷ್ಟೆಲ್ಲ ಹೇಳಿದ ಮೇಲೂ, ಹಾವು ಮನೆಗೆ ಬಂದ ಮೊದಲ ಒಂದೆರಡು ತಿಂಗಳು ನಾನು ಹೇಳುವ ಹಾಸು ಬಿಳಿ ಪೇಪರ್ ಟವೆಲ್. ಚೆಂದ ಇಲ್ಲ, ಬಿಲ ತೋಡಲು ಆಗುವುದಿಲ್ಲ, ನಿಜ. ಅಡಗಲು ಎರಡು ಡಬ್ಬಿ ಇಟ್ಟರೆ ಆ ಕೊರತೆ ತುಂಬುತ್ತದೆ. ಬಿಳಿ ಕಾಗದದ ಮೇಲೆ ಎಲ್ಲವೂ ಕಾಣುತ್ತದೆ. ಮಲ ಗಟ್ಟಿಯಿದೆಯೋ ನೀರಾಗಿದೆಯೋ, ಅದರ ಜೊತೆ ಬರುವ ಸುಣ್ಣದಂಥ ಬಿಳಿ ಭಾಗ ಸರಿಯಿದೆಯೋ, ರಕ್ತ ಇದೆಯೋ, ತಿಂದದ್ದನ್ನು ಕಕ್ಕಿದೆಯೋ. ಎಲ್ಲಕ್ಕಿಂತ ಹೆಚ್ಚಾಗಿ ಹಾವಿನ ನುಸಿ. ಗಸಗಸೆ ಕಾಳಿಗಿಂತ ಸಣ್ಣದು, ಕಪ್ಪು. ಕಂದು ಬಣ್ಣದ ತೆಂಗಿನ ಪುಡಿಯಲ್ಲಿ ಅದು ತಿಂಗಳುಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ, ಬಿಳಿ ಕಾಗದದ ಮೇಲೆ ಓಡಾಡುವುದು ಮೊದಲ ದಿನವೇ ಕಾಣುತ್ತದೆ. ಹಾವಿಗೆ ಗಾಯ ಆದಾಗ, ಆಪರೇಷನ್ ಆದಾಗ, ಸ್ಕೇಲ್ ರಾಟ್‌ಗೆ ಔಷಧ ನಡೆಯುತ್ತಿರುವಾಗಲೂ ಮತ್ತೆ ಇದೇ ಕಾಗದಕ್ಕೆ ಬನ್ನಿ.

ನುಸಿ ಅಂಗಡಿಯ ಹಾಸಿನ ಚೀಲದ ಜೊತೆಯೂ ಬರಬಹುದು, ಹಾವುಗಳಿರುವ ಅಂಗಡಿಯಲ್ಲಿ ಚೀಲ ಇಟ್ಟಿದ್ದರೆ ವಿಶೇಷವಾಗಿ. ಒಣ ಹಾಸನ್ನು ಬಳಸುವ ಮೊದಲು ಒಂದೆರಡು ದಿನ ಫ್ರೀಜರ್‌ನಲ್ಲಿಟ್ಟರೆ ಒಳ್ಳೆಯದು. ಒಲೆಯಲ್ಲಿ ಬಿಸಿ ಮಾಡುವ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಒಣ ಮರದ ಸಿಪ್ಪೆಗೆ ಬೆಂಕಿ ಹಿಡಿಯಲು ಹೆಚ್ಚು ಹೊತ್ತು ಬೇಡ, ಹಾಗಾಗಿ ಅದು ನನಗೆ ಒಪ್ಪಿಗೆಯಿಲ್ಲ.

ಬಟ್ಟೆಯಂಥ ರೆಪ್ಟೈಲ್ ಕಾರ್ಪೆಟ್ ತೊಳೆದು ಮತ್ತೆ ಬಳಸಬಹುದು ಅಂತ ಅನೇಕರಿಗೆ ಇಷ್ಟ. ಅದರ ಎಳೆಗಳಲ್ಲಿ ಮಲ ಸೇರಿಕೊಂಡು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಊಟದ ಹೊತ್ತಲ್ಲಿ ಗುರಿ ತಪ್ಪಿ ಕಚ್ಚಿದರೆ ಹಲ್ಲು ಸಿಕ್ಕಿಕೊಳ್ಳುತ್ತದೆ. ನಾನು ಅದರ ಪರ ಇಲ್ಲ. ಮಣ್ಣು, ಎಲೆ, ಜೀವಂತ ಗಿಡ, ಕಸ ತಿನ್ನುವ ಸಣ್ಣ ಹುಳ ಎಲ್ಲ ಇರುವ ಬಯೋಆಕ್ಟಿವ್ ಟ್ಯಾಂಕ್ ನೋಡಲು ಬಹಳ ಸೊಗಸು. ಅದನ್ನು ಕಟ್ಟುವುದು ಬೇರೆಯೇ ವಿದ್ಯೆ, ಮೊದಲ ಹಾವಿನ ಮೊದಲ ವರ್ಷಕ್ಕೆ ಅವಸರ ಬೇಡ.

ಬದಲಿಸುವುದು, ಬಿಸಾಡುವುದು

ಮಲ ಕಂಡ ದಿನವೇ ಸುತ್ತಲಿನ ಒಂದು ಹಿಡಿ ಹಾಸಿನ ಸಮೇತ ತೆಗೆಯಿರಿ. ಆಸ್ಪೆನ್ ಆದರೆ ತಿಂಗಳಿಗೋ ಒಂದೂವರೆ ತಿಂಗಳಿಗೋ, ತೆಂಗಿನ ಚಕ್ಕೆ ಆದರೆ ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ಬದಲಿಸಿದರೆ ಸಾಮಾನ್ಯವಾಗಿ ಸಾಕು. ಮುಚ್ಚಳ ತೆಗೆದಾಗ ಅಮೋನಿಯಾ ಘಾಟು ಬಂದರೆ ಈ ಲೆಕ್ಕ ಬಿಡಿ, ಅವತ್ತೇ ಬದಲಿಸಿ.

ಟ್ಯಾಂಕ್ ತೊಳೆಯಲು ಫಿನೈಲ್ ಬೇಡ, ಡೆಟಾಲ್ ಬೇಡ. ಫಿನಾಲ್ ಜಾತಿಯ ರಾಸಾಯನಿಕಗಳು ಸರೀಸೃಪಗಳಿಗೆ ವಿಷ. ಸೋಪು ನೀರಲ್ಲಿ ಕೊಳೆ ತೆಗೆದು, ಪಶುವೈದ್ಯರು ಕೊಡುವ ಕ್ಲೋರ್‌ಹೆಕ್ಸಿಡಿನ್ ಅನ್ನೋ ಸೋಂಕುನಿವಾರಕ ಹಾಕಬಹುದು, ಅಥವಾ ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಡಬಹುದು. ಆಮೇಲೆ ವಾಸನೆ ಪೂರ್ತಿ ಹೋಗುವವರೆಗೆ ತೊಳೆದು ಒಣಗಿಸಿ.

ಹಾವು ಎಷ್ಟೇ ಆರೋಗ್ಯವಾಗಿದ್ದರೂ ಅದರ ಮಲದಲ್ಲಿ ಮನುಷ್ಯರಿಗೆ ಕಾಯಿಲೆ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 5 ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಸರೀಸೃಪ ಬೇಡ ಅನ್ನುತ್ತದೆ. 65 ದಾಟಿದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಕೂಡ ದೂರ ಇರುವುದು ಒಳ್ಳೆಯದು. ಊರಿಂದ ಅಜ್ಜಿ ತಾತ ಆರು ತಿಂಗಳಿಗೆ ಬಂದಿದ್ದರೆ ಇದನ್ನು ನೆನಪಿಡಿ. ಟ್ಯಾಂಕಿನ ಯಾವ ಸಾಮಾನನ್ನೂ ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. ಹಳೇ ಹಾಸನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ತೆಂಗಿನ ನಾರು ಒಳ್ಳೆಯ ಗೊಬ್ಬರ ಅಲ್ವಾ ಅಂತ ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿ ಹಾಕಿರುವ ಪಾತಿಗೆ ಸುರಿಯಬೇಡಿ. ಸೊಪ್ಪನ್ನು ನಾವು ಹಸಿಯಾಗಿಯೂ ತಿನ್ನುತ್ತೇವೆ.

ಪೂರ್ತಿ ಹಾಸು ಬದಲಿಸುವ ದಿನವನ್ನು ಊಟದ ದಿನ ನೋಡಿಕೊಂಡು ಆರಿಸಿ. ತಿಂದು 48 ಗಂಟೆ ಆಗುವ ಮೊದಲು ಎತ್ತಿದರೆ ಹಾವು ತಿಂದದ್ದನ್ನು ಕಕ್ಕಬಹುದು. ಒಂದು ಹಾಸಿನಿಂದ ಇನ್ನೊಂದಕ್ಕೆ ಹೋಗುವುದಾದರೆ ಅಡಗುವ ಡಬ್ಬಿ, ಕಲ್ಲು, ಕೊಂಬೆ ಎಲ್ಲವನ್ನೂ ಮೊದಲಿದ್ದ ಜಾಗದಲ್ಲೇ ಇಡಿ. ಮೂರು ನಾಲ್ಕು ದಿನ ಕೈಗೆ ಎತ್ತಿಕೊಳ್ಳದೆ ಬಿಟ್ಟು, ಹೈಗ್ರೋಮೀಟರ್ ಬೆಳಿಗ್ಗೆ ಸಂಜೆ ನೋಡಿ ಬರೆದಿಟ್ಟುಕೊಳ್ಳಿ. ಹೊಸ ಹಾಸು ಎಷ್ಟು ನೀರು ಕೇಳುತ್ತದೆ ಅನ್ನುವುದು ಆ ಒಂದು ವಾರದಲ್ಲಿ ಗೊತ್ತಾಗುತ್ತದೆ.